ಜಾಬರ ಅಪ್ಪಣ್ಣನೂ ಒಂದು ಕೊಲೆಯ ಕಾರಣವೂ

ಇಚಲಕರಂಜಿಯ ಆ ಗಲ್ಲಿಯಲ್ಲಿ ಮಗ್ಗ ನಿಂತರೂ ಅಪ್ಪಣ್ಣ ಬೇಕು, ಮಾತು ನಿಂತರೂ ಅಪ್ಪಣ್ಣ ಬೇಕು. ಮಗ್ಗದ್ದು ಅವನ ಹೊಟ್ಟೆಪಾಡು. ಮಾತಿನದು ಅವನ ಚಟ. ಹೊಟ್ಟೆಪಾಡಿನಲ್ಲಿ ಅವನು ಆಗಾಗ ಸೋಲುತ್ತಿದ್ದ. ಚಟದಲ್ಲಿ ಒಮ್ಮೆಯೂ ಸೋತವನಲ್ಲ.

ಹುಕ್ಕೇರಿ ಕಡೆಯ ಹಳ್ಳಿಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದವನು, ನೂಲಿನ ಗಂಟು ಹೊತ್ತು, ಮಗ್ಗ ಓಡಿಸಿ, ಕಡೆಗೆ ಪಾರೀಸಶೇಟರ ಪವರಲೂಮ್ ಶೆಡ್ಡಿನಲ್ಲಿ ಜಾಬರ ಆಗಿದ್ದ. ಜಾಬರ ಅಂದರೆ ಕೆಟ್ಟ ಮಗ್ಗ ಸರಿಮಾಡುವವನು. ಎಳೆ ಹರಿದರೆ, ಲಾಳಿ ಹಾರಿ ಬಿದ್ದರೆ, ಅಪ್ಪಣ್ಣ ನಟ್ಟು ಬಿಚ್ಚುವ ಪಾನಾ ಹಿಡಿದು ಬರುತ್ತಿದ್ದ, ಮಗ್ಗದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ, ತಲೆದೂಗಿ ಹೇಳುತ್ತಿದ್ದ: "ಕಾರಣ ಇಲ್ಲದ ಎಳಿ ಹರಿಯೂದಿಲ್ಲ ತಮ್ಮಾ." ಅಲ್ಲಿಗೆ ನಿಲ್ಲಿಸಿದ್ದರೆ ಅವನು ಒಳ್ಳೆಯ ಜಾಬರ ಎನಿಸಿಕೊಂಡು ಸಾಯುತ್ತಿದ್ದ. ನಿಲ್ಲಿಸಲಿಲ್ಲ, ಪುಣ್ಯಾತ್ಮ. ಮಗ್ಗಕ್ಕೆ ಹೊಂದುವ ಮಾತು ಮನುಷ್ಯರಿಗೂ ಹೊಂದುತ್ತದೆ ಎಂದು ಯಾರೂ ಹೇಳಿಕೊಡದೆಯೇ ಕಲಿತುಬಿಟ್ಟ.

ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಬೆಳಗಿನಿಂದ ಖಟ್ ಖಟ್ ಬಡಿಯುತ್ತಿದ್ದ ಗಲ್ಲಿ ಒಮ್ಮೆಲೇ ಸುಮ್ಮನಾದಾಗ ಮಂದಿ ಶೆಡ್ಡಿನ ಹೊರಗಿನ ಕಟ್ಟೆಗೆ ಬಂದು ಕೂರುತ್ತಿದ್ದರು. ಮಗ್ಗದ ಸಪ್ಪಳಕ್ಕೆ ಎಲ್ಲರ ಕಿವಿಗಳೂ ಅರ್ಧ ಹೋಗಿದ್ದವು, ಆದ್ದರಿಂದ ಗುಟ್ಟಿನ ಮಾತನ್ನೂ ಕೂಗಿಯೇ ಆಡಬೇಕು. ಅಪ್ಪಣ್ಣ ನಡುವೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಕಾರಣಗಳನ್ನು ಹಂಚುತ್ತಿದ್ದ. ಪಾರೀಸಶೇಟರು ನಾಂದಣಿಗೆ ಹೋಗಿ ಸ್ವಾಮಿಗಳ ದರ್ಶನ ಮಾಡಿಕೊಂಡು ಬಂದರೆ, "ಭಕ್ತಿ ಅಂತೀರೇನು? ಮಗಳಿಗೆ ವರಾ ನೋಡಾಕ ಹೋಗ್ಯಾರ." ಒಬ್ಬ ಇನ್ನೊಬ್ಬನಿಗೆ ಚಹಾ ಕುಡಿಸಿದರೆ, "ನೋಡ್ತಿರ್ರಿ, ನಾಳೆ ಪಾಳಿ ಬದಲಿ ಮಾಡಂತಾನ." ಕಾಗಲದಿಂದ ಬಂದ ಲಾರಿಯವನು ಸುಮ್ಮನೆ ನಕ್ಕರೂ ಆ ನಗೆಗೊಂದು ಕಾರಣ ಅಪ್ಪಣ್ಣನ ಎಲೆಚೀಲದಲ್ಲಿ ಸಿದ್ಧವಿರುತ್ತಿತ್ತು. ಹತ್ತರಲ್ಲಿ ಒಂದು ನಿಜವಾಗುತ್ತಿತ್ತು. ಆ ಒಂದನ್ನೇ ಮಂದಿ ನೆನಪಿಟ್ಟುಕೊಳ್ಳುತ್ತಿದ್ದರು.

ಅವನ ಹೆಂಡತಿ ಚೆನ್ನವ್ವ ಮಾತ್ರ ಉಳಿದ ಒಂಬತ್ತನ್ನು ನೆನಪಿಟ್ಟಿದ್ದಳು. "ನಿಮ್ಮ ಮನಿ ಗಡಿಗ್ಯಾಗ ನೀರ ಯಾಕಿಲ್ಲ, ಅದರ ಕಾರಣ ಹೇಳ್ರಿ ಮೊದಲ," ಅನ್ನುತ್ತಿದ್ದಳು. ಊರ ಉಸಾಬರಿ ಮಾಡುವವನಿಗೆ ಮನೆಯ ಗಡಿಗೆ ಎಲ್ಲಿ ಕಾಣಬೇಕು?

ಅದೇ ಗಲ್ಲಿಯ ಎದುರುಬದಿಯ ಒಂದೇ ಕೋಣೆಯ ಖೋಲಿಯಲ್ಲಿ ಹಣಮಂತ ಮತ್ತು ಅವನ ಹೆಂಡತಿ ಸಾವಕ್ಕ ಇದ್ದರು. ಅವರ ಜೊತೆಗೆ, ಅವರ ಊರಿನವನೇ ಆದ ಮಲ್ಲಾರಿ. ಇಚಲಕರಂಜಿಯ ಪದ್ಧತಿಯೇ ಹಾಗೆ. ಮಗ್ಗಕ್ಕೆ ಎರಡು ಪಾಳಿ, ಖೋಲಿಗೂ ಎರಡು ಪಾಳಿ. ಹಣಮಂತ ದಿನಪಾಳಿಗೆ ಹೋದರೆ ಮಲ್ಲಾರಿ ರಾತ್ರಿಪಾಳಿ ಮುಗಿಸಿ ಬಂದು ಅದೇ ಹಾಸಿಗೆಯಲ್ಲಿ ಬೀಳುತ್ತಾನೆ, ಮರುವಾರ ಅದಲುಬದಲು. ಹಾಸಿಗೆ ಆರುವುದೇ ಇಲ್ಲ. ಊರಿಂದ ಹೊಟ್ಟೆಪಾಡಿಗೆ ಬಂದವರಿಗೆ ಆಳಿಗೊಂದು ಖೋಲಿ ಯಾವ ಮಾವ ಕೊಡುತ್ತಾನೆ? ಮಲ್ಲಾರಿ ಹಗಲು ಮಲಗುವ ವಾರ ಸಾವಕ್ಕ ಅವನಿಗೆ ರೊಟ್ಟಿ ಬಡಿದಿಟ್ಟು, ಹೀರಾಬಾಯಿಯ ಮನೆಯ ಕಟ್ಟೆಗೆ ಹೋಗಿ ಓಣಿಯ ಹೆಂಗಸರ ಜೊತೆ ಹೊತ್ತು ಮುಳುಗುವತನಕ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಗಂಡ ರಾತ್ರಿಪಾಳಿಗೆ ಹೋಗುವ ವಾರ ಆಕೆ ತನ್ನ ಖೋಲಿಯಲ್ಲಿ ಮಲಗುತ್ತಲೇ ಇರಲಿಲ್ಲ. ಚಾಪೆ ಸುತ್ತಿಕೊಂಡು ಚೆನ್ನವ್ವನ ಬದಿಗೆ, ಅಂದರೆ ಅಪ್ಪಣ್ಣನ ಮನೆಯ ಒಳಗೆ, ಬಂದು ಮಲಗುತ್ತಿದ್ದಳು. ಅಪ್ಪಣ್ಣ ಹೊರಗಿನ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಇದರಲ್ಲಿ ಯಾರಿಗೂ ಏನೂ ವಿಶೇಷ ಕಂಡಿರಲಿಲ್ಲ, ಯಾಕೆಂದರೆ ಓಣಿಯ ಎಲ್ಲ ಮನೆಗಳಲ್ಲೂ ಇದೇ ನಡೆದಿತ್ತು.

ಹಣಮಂತ, ಮಲ್ಲಾರಿ ಇಬ್ಬರಿಗೂ ಸೇರಿ ಒಂದೇ ಕೋಟು. ಕರಿಯದು, ದಪ್ಪ ಅರಿವೆಯದು. ಮದುವೆ ಮುಂಜಿಗೆ ಯಾರು ಹೋಗುತ್ತಾರೋ ಅವರ ಮೈಮೇಲೆ ಅದು.

ಸಂಯುಕ್ತ ಮಹಾರಾಷ್ಟ್ರ ಆಗಿ ಒಂದೆರಡು ವರ್ಷ ಆಗಿತ್ತು. ಶ್ರಾವಣದಲ್ಲಿ, ಮಗ್ಗಕ್ಕೆ ರಜೆ ಇದ್ದ ದಿನ, ಹಣಮಂತ ಮಲ್ಲಾರಿಯನ್ನು ಕರೆದುಕೊಂಡು ಗಡಹಿಂಗ್ಲಜದ ಕಡೆಗೆ ಹೋದ, ಅವನಿಗೆ ಹೆಣ್ಣು ನೋಡಲು. ಕೋಟು ಮಲ್ಲಾರಿಯ ಮೈಮೇಲಿತ್ತು. ಹೆಣ್ಣು ಒಪ್ಪಿತು, ಗಂಡೂ ಒಪ್ಪಿತು, ಅವಲಕ್ಕಿ ತಿಂದರು. ಹೊರಗೆ ಬಂದ ಮೇಲೆ ಮಲ್ಲಾರಿ, "ನಾ ಹೊಳಿ ದಾಟಿ ಸೋದರಮಾವಗ ಸುದ್ದಿ ಹೇಳಿ ನಾಳೆ ಬರ್ತೀನಿ. ಕೋಟ ತೊಯ್ತೈತಿ, ನೀ ತಗೊಂಡ ಹೋಗ," ಅಂದ. ಮರುದಿನ ಬೆಳಗಿನ ಪಾಳಿ ಇದ್ದ ಹಣಮಂತ ಕೋಟು ಹಾಕಿಕೊಂಡು ಎಸ್ಟಿ ಬಸ್ಸು ಹತ್ತಿದ. ಮಲ್ಲಾರಿ ಮಾವನ ಮನೆ ಮುಟ್ಟಲಿಲ್ಲ. ಕೆಲವು ದಿನಗಳಾದ ಮೇಲೆ ಹಿರಣ್ಯಕೇಶಿ ಹೊಳೆಯ ಕೆಳಗಿನ ದಂಡೆಯಲ್ಲಿ, ಒಂದು ಪೊದೆಗೆ ಸಿಕ್ಕಿಕೊಂಡ ಅವನ ಹೆಣ ಸಿಕ್ಕಿತು. ತಲೆಗೆ ಪೆಟ್ಟಾಗಿತ್ತು.

ತನಿಖೆಗೆ ಬಂದ ಫೌಜದಾರನ ಕೈಯಲ್ಲಿ ಎರಡು ಎಳೆ ಇದ್ದವು. ಮಲ್ಲಾರಿಯ ಜೊತೆಯಲ್ಲಿ ಕಡೆಯ ಸಲ ಕಂಡವನು ಹಣಮಂತ. ಸತ್ತವನ ಕೋಟು ಸಿಕ್ಕಿದ್ದು ಹಣಮಂತನ ಗೂಟದ ಮೇಲೆ. ಕೋಟಿನ ಮುಂದೆ ಒಂದು ಕೆಂಪು ಕಲೆಯೂ ಇತ್ತು. ಅದು ಎಲೆಅಡಿಕೆಯದು ಎಂದು ಓಣಿಯ ಕೂಸಿಗೂ ಗೊತ್ತಿತ್ತು, ಆದರೆ ಅದನ್ನು ಪರೀಕ್ಷೆಗೆ ಕಳಿಸಿದ್ದರಿಂದ ಅದಕ್ಕೆ ಮಾನ ಬಂದಿತ್ತು. ಕಂಡವರಿಲ್ಲ, ಕೇಳಿದವರಿಲ್ಲ. ಅಣ್ಣತಮ್ಮರಂತಿದ್ದವರು, ಒಬ್ಬ ಇನ್ನೊಬ್ಬನನ್ನು ಯಾಕೆ ಕೊಲ್ಲಬೇಕು? ಕೋರ್ಟಿನ ಮರಾಠಿಯಲ್ಲಿ ಈ 'ಯಾಕೆ'ಗೆ 'ಹೇತು' ಅನ್ನುತ್ತಾರೆ. ಆ ಶಬ್ದ ಕೇಳಿ ಓಣಿಯ ಕನ್ನಡಿಗರು ಮೂಗು ಮುಚ್ಚಿಕೊಂಡು ನಕ್ಕರು. ಫೌಜದಾರ ನಗಲಿಲ್ಲ. ಅವನಿಗೆ ಅದು ಬೇಕಾಗಿತ್ತು.

"ಕಾರಣ ಬೇಕಂದ್ರ ನಮ್ಮ ಜಾಬರಗ ಕೇಳ್ರಿ ಸಾಹೇಬರ," ಎಂದು ಯಾರೋ ಅಂದರು. ಸರಿ, ಎಲ್ಲರೂ ಅತ್ತ ತಿರುಗಿದರು.

ಅಪ್ಪಣ್ಣನಿಗೆ ಹಣಮಂತನ ಮೇಲೆ ಎಳ್ಳಷ್ಟೂ ದ್ವೇಷ ಇರಲಿಲ್ಲ. ಅವನಿಗೆ ಮಗ್ಗ ಕಲಿಸಿದವನೇ ಅಪ್ಪಣ್ಣ. ಅವನ ಮದುವೆಯಲ್ಲಿ ಅಕ್ಕಿಕಾಳು ಹಾಕಿದವನು. ಆದರೆ ಒಬ್ಬ ಫೌಜದಾರ, ಪಟ್ಟಿ ಬಿಗಿದ ಟೊಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕುರ್ಚಿ ಮುಂದಕ್ಕೆ ಎಳೆದು, "ಬೋಲಾ ಅಪ್ಪಣ್ಣಾ" ಎಂದು ಕೇಳಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಕಟ್ಟೆಯ ಮಂದಿಯೆಲ್ಲ ಕಿವಿಗೆ ಕೈ ಹಚ್ಚಿಕೊಂಡು ನಿಂತಿದ್ದರು. ಇಂಥ ಹೊತ್ತಿನಲ್ಲಿ "ನನಗ ಗೊತ್ತಿಲ್ರಿ" ಅನ್ನುವುದಕ್ಕೆ ಬಹಳ ದೊಡ್ಡ ಮನುಷ್ಯನಾಗಿರಬೇಕು. ಅಪ್ಪಣ್ಣ ಅಷ್ಟು ದೊಡ್ಡವನಲ್ಲ.

"ಹಣಮ್ಯಾ ಕೆಲಸಕ್ಕ ಹೊರಗ ಬಿದ್ದ ಕೂಡ್ಲೆ ಮಲ್ಲಾರಿ ಒಳಗ ಹೋಗತಿದ್ದ್ರಿ," ಅಂದ. "ನಾ ಕಣ್ಣಾರೆ ನೋಡೀನಿ. ಒಂದ ದಿನಾ ಅಲ್ಲ, ದಿನಾಲೂ. ಆಕಿ ಬಿಸಿ ರೊಟ್ಟಿ ಬಡದ ಕೊಡಾಕಿ. ಗಂಡ ಅಂದ ಮ್ಯಾಲ ಎಷ್ಟ ದಿನಾ ತಡಕೊಂಡಾನ್ರಿ?"

ನೋಡಿ, ಇದರಲ್ಲಿ ಒಂದು ಸುಳ್ಳೂ ಇಲ್ಲ. ಹಣಮಂತ ಹೊರಗೆ ಬಿದ್ದ ಕೂಡಲೆ ಮಲ್ಲಾರಿ ಒಳಗೆ ಹೋಗುತ್ತಿದ್ದ, ಹೌದು. ಸಾವಕ್ಕ ರೊಟ್ಟಿ ಬಡಿಯುತ್ತಿದ್ದಳು, ಹೌದು. ಕಡೆಯ ಪ್ರಶ್ನೆಯೊಂದನ್ನು ಅಪ್ಪಣ್ಣ ತನ್ನ ಕೈಯಿಂದ ಹಾಕಿದ್ದ, ಊಟಕ್ಕೆ ಕುಳಿತಾಗ ಬದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ಫೌಜದಾರ ಅದನ್ನೇ ಮೊದಲು ತಿಂದ.

ಅವತ್ತು ಸಂಜೆ ಚೆನ್ನವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಅಲ್ರಿ, ಆಕಿ ನನ್ನ ಬಾಜೂಕ ಮಲಗತಿದ್ದಳು. ನನ್ನ ಸೆರಗ ಹಿಡಕೊಂಡ ಮಲಗತಿದ್ದಳು, ಕತ್ತಲಿಗೆ ಅಂಜಿ. ಇದನ್ನ ಹೇಳಿದ್ರೇನು?"

"ಅದನ್ನ ಅವರು ಕೇಳಲಿಲ್ಲ."

"ಕೇಳಲಿಲ್ಲಂದ್ರ ಹೇಳಬಾರದೇನು?"

"ಸರ್ಕಾರಿ ಕೆಲಸದಾಗ ಕೇಳಿದ್ದಕ್ಕಷ್ಟ ಉತ್ತರಾ ಕೊಡಬೇಕ, ಹೆಚ್ಚ ಮಾತಾಡಬಾರದು," ಅಂದ ಅಪ್ಪಣ್ಣ. ಹುಟ್ಟಿದಾಗಿನಿಂದ ಯಾರೂ ಕೇಳದಿದ್ದರೂ ಹೇಳುತ್ತಲೇ ಬಂದ ಗಂಡ ಈ ಮಾತು ಆಡಿದ್ದು ಕೇಳಿ ಚೆನ್ನವ್ವ ಒಲೆ ಊದುವ ಕೊಳವೆ ಒಗೆದಳು. ಅದು ಅವನ ಮೊಣಕಾಲಿಗೆ ಬಡಿಯಿತು.

ಮರುದಿನ ಹಣಮಂತನನ್ನು ಹಗ್ಗ ಕಟ್ಟಿ ಒಯ್ದರು. ಇಡೀ ಓಣಿಗೇ ಜ್ಞಾನೋದಯವಾಯಿತು. ಇಷ್ಟು ದಿನ ಯಾರಿಗೂ ಕಾಣದ್ದು ಈಗ ಎಲ್ಲರಿಗೂ ಕಂಡಿತ್ತು. ಒಬ್ಬಳು, ಮಲ್ಲಾರಿಗೆ ಸಾವಕ್ಕ ಎರಡು ಸಲ ಪಲ್ಯ ಬಡಿಸಿದ್ದನ್ನು ನೆನಪಿಸಿಕೊಂಡಳು. ಇನ್ನೊಬ್ಬ, ಸಾವಕ್ಕ ನಗುವಾಗ ಹಲ್ಲು ಕಾಣುತ್ತಿದ್ದವು ಅಂದ. ಮತ್ತೊಬ್ಬ, ಹೆಣ್ಣು ನೋಡಲು ಹೋದದ್ದರಲ್ಲೇ ಕಾರಣ ಹುಡುಕಿದ: "ಹಣಮಂತಗ ಅವನ ಮದುವಿ ಅವಸರ ಯಾಕ? ಪೀಡಾ ತೊಲಗಿಸಾಕ!" ಹಾಗಾದರೆ ಮದುವೆ ಗೊತ್ತಾದ ಮೇಲೆ ಕೊಂದದ್ದು ಯಾಕೆ ಎಂದು ಯಾರೂ ಕೇಳಲಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎಂದು ಎಲ್ಲರೂ ಅಂದರು; ಆ ಎಲ್ಲರ ಖೋಲಿಗಳಲ್ಲೂ ಆ ಗಳಿಗೆಯಲ್ಲಿ ಎದುರುಪಾಳಿಯ ಒಬ್ಬೊಬ್ಬ ಗಂಡಾಳು ಮಲಗಿ ಗೊರಕೆ ಹೊಡೆಯುತ್ತಿದ್ದ.

ಸಾವಕ್ಕ ಓಣಿಯಲ್ಲಿ ನಡೆದರೆ ಹೆಂಗಸರು ಸೆರಗು ಸರಿಮಾಡಿಕೊಂಡು ಬದಿಗೆ ಸರಿಯುತ್ತಿದ್ದರು. ಗಂಡನ ಕುತ್ತಿಗೆಗೆ ಹಗ್ಗ ಬೀಳುವ ಹೊತ್ತು, ಅಳಲೂ ಅವಳಿಗೆ ಪುರಸೊತ್ತಿಲ್ಲ. ಅತ್ತರೆ ಯಾರಿಗಾಗಿ ಅತ್ತಳು ಎಂದು ಕೇಳುವವರಿದ್ದರು. ಅವಳ ಕೈ ಹಿಡಿದು ಎಸ್ಟಿ ಹತ್ತಿಸಿ ಗಡಹಿಂಗ್ಲಜಕ್ಕೆ, ವಕೀಲ ಆಬಾಸಾಹೇಬರ ಮನೆಗೆ ಒಯ್ದವಳು ಚೆನ್ನವ್ವನೇ. ಆಬಾಸಾಹೇಬರು ನಿಪ್ಪಾಣಿ ತಂಬಾಕು ಹಾಕಿಕೊಂಡು ಮಾತಾಡುವ, ಮರಾಠಿ ಕನ್ನಡ ಎರಡರಲ್ಲೂ ಬೈಯಬಲ್ಲ ಮನುಷ್ಯ. ಎಲ್ಲ ಕೇಳಿ, "ನಿನ್ನ ಗಂಡನ ವಿರುದ್ಧ ಬಂದು ಹೇಳ್ತೀಯೇನು ತಂಗಿ?" ಅಂದರು.

"ಗಂಡನ ವಿರುದ್ಧ ಅಲ್ರಿ, ಆಕಿ ಗಂಡನ ಸಲುವಾಗಿ," ಅಂದಳು ಚೆನ್ನವ್ವ.

ಮೊಕದ್ದಮೆ ಕೊಲ್ಹಾಪುರದ ಕೋರ್ಟಿನಲ್ಲಿ ನಿಂತಿತು. ಅಪ್ಪಣ್ಣ ಹೊಸ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ ಹೋದ. ಭವಾನಿ ಮಂಟಪದ ಹತ್ತಿರ ಮಿಸಳ ತಿಂದ. ಕಟಕಟೆ ಹತ್ತಿದಾಗ ಅವನಿಗೆ ಆನಂದವೇ ಆಯಿತು: ಊರ ಕಟ್ಟೆಗಿಂತ ಎತ್ತರ, ಕೇಳುವವರೂ ಹೆಚ್ಚು. ಎದುರಿಗೆ ಹಣಮಂತ ನಿಂತಿದ್ದ, ಗಡ್ಡ ಬೆಳೆದು ಅರ್ಧ ಆಳಾಗಿದ್ದ. ಅಪ್ಪಣ್ಣ ಅತ್ತ ನೋಡಲಿಲ್ಲ. ಸರ್ಕಾರಿ ವಕೀಲ ಕೇಳಿದ್ದಕ್ಕೆಲ್ಲ ಗಂಟೆ ಹೊಡೆದಂತೆ ಉತ್ತರ ಕೊಟ್ಟ. ಆಮೇಲೆ ಆಬಾಸಾಹೇಬರು ಎದ್ದರು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ.

"ಜಾಬರ, ನೀವು ಇಚಲಕರಂಜಿಗೆ ಬಂದಾಗ ಎಲ್ಲಿ ಇದ್ರಿ?"

"ಸಾತಪ್ಪನ ಖೋಲ್ಯಾಗ್ರಿ. ಅವ ದಿನಪಾಳಿ, ನಾ ರಾತ್ರಿಪಾಳಿ."

"ಅವಗ ಹೆಂಡತಿ ಇದ್ದಳೇನು?"

"ಇದ್ದಳ್ರಿ. ಮುದಕವ್ವ. ದೇವರಂಥಾಕಿ."

"ಸಾತಪ್ಪ ಹೊರಗ ಬಿದ್ದ ಕೂಡ್ಲೆ ನೀವು ಒಳಗ ಹೋಗತಿದ್ರೇನು?"

"ಮತ್ತ? ಮಲಗಬೇಕಲ್ರಿ."

"ಆಕಿ ರೊಟ್ಟಿ ಬಡದ ಹಾಕತಿದ್ದಳೇನು?"

"ಹಾಕತಿದ್ದಳ್ರಿ, ಬಿಸಿವು," ಎಂದು ಬಾಯಿಬಿಟ್ಟ ಮೇಲೆಯೇ ಅಪ್ಪಣ್ಣನಿಗೆ ಎಲ್ಲಿ ಕಾಲಿಟ್ಟೆ ಎಂದು ಗೊತ್ತಾದದ್ದು.

"ಸಾತಪ್ಪ ನಿಮ್ಮನ್ನ ಯಾಕ ಕೊಲ್ಲಲಿಲ್ಲ?"

ಕೋರ್ಟು ನಕ್ಕಿತು. ಜಡ್ಜರು ಕೆಮ್ಮಿದರು. ಆಬಾಸಾಹೇಬರು ನಗಲಿಲ್ಲ. "ಹಣಮಂತ ರಾತ್ರಿಪಾಳಿಗೆ ಹೋದಾಗ ಸಾವಕ್ಕ ಎಲ್ಲಿ ಮಲಗತಿದ್ದಳು, ಹೇಳ್ರಿ. ನಿಮಗ ಗೊತ್ತೈತಿ."

ಅಪ್ಪಣ್ಣ ಪಟಕಾ ಮುಟ್ಟಿ ನೋಡಿಕೊಂಡ. "ನಮ್ಮ ಮನ್ಯಾಗ್ರಿ. ನನ್ನ ಹೆಂಡತಿ ಬಾಜೂಕ."

"ಮತ್ತ ಹಗಲಿ?"

"ಹೀರಾಬಾಯಿ ಕಟ್ಟಿ ಮ್ಯಾಲ, ಕಂಡಿಕಿ ಸುತ್ತಾಕ... ಅಲ್ಲೂ ನನ್ನ ಹೆಂಡತಿ ಬಾಜೂಕ."

"ಹಂಗಾರ ನೀವು ನೋಡಿದ್ದೇನು?"

"ನೋಡಿದ್ದು... ಮಲ್ಲಾರಿ ಒಳಗ ಹೋಗೂದ್ರಿ."

"ಖಾಲಿ ಮನಿಯೊಳಗ."

"ಹೌದ್ರಿ."

"ಮತ್ತ ಉಳಿದದ್ದು?"

"ಒಬ್ಬ ಮನಷಾ ಸತ್ತಾನಂದ ಮ್ಯಾಲ ಏನರ ಕಾರಣ ಇರಬೇಕಲ್ರಿ ಸಾಹೇಬರ!" ಎಂದು ಅಪ್ಪಣ್ಣ ಕೂಗಿದ. ಮಗ್ಗದವನ ಕೂಗು, ಹೊರಗಿನ ವರಾಂಡದಲ್ಲಿ ಕೂತವರಿಗೂ ಕೇಳಿಸಿತು.

ಆಮೇಲೆ ಚೆನ್ನವ್ವ ಬಂದಳು. ಹೇಳಬೇಕಾದ್ದನ್ನು ಬಿಡಿಸಿ ಬಿಡಿಸಿ ಹೇಳಿದಳು. ಸರ್ಕಾರಿ ವಕೀಲ ಕನ್ನಡಕ ಏರಿಸಿಕೊಂಡು, ನಿನ್ನ ಗಂಡನ ಮಾತನ್ನು ಸುಳ್ಳು ಮಾಡಲು ಇಷ್ಟು ದೂರ ಬಂದಿದ್ದೀಯಲ್ಲ, ಇದಕ್ಕೆ ಕಾರಣವೇನು ಎಂದು ಕೇಳಿದ.

"ಖರೇ ಹೇಳಾಕ ಕಾರಣ ಬೇಕೇನ್ರಿ ಸಾಹೇಬರ?" ಅಂದಳು. ಅವನು ಕೂತುಬಿಟ್ಟ.

ಜಡ್ಜರು ತೀರ್ಪಿನಲ್ಲಿ ಹೇಳಿದ್ದು ಇಷ್ಟು. ಉಳಿದ ಸಾಕ್ಷ್ಯವೆಲ್ಲ ಗಟ್ಟಿ ಇದ್ದರೆ ಕಾರಣ ಗೊತ್ತಾಗದಿದ್ದರೂ ಅಡ್ಡಿಯಿಲ್ಲ. ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎಂದು ಇಣುಕಿ ನೋಡಿದವರಿಲ್ಲ. ಆದರೆ ಇಲ್ಲಿ ಉಳಿದದ್ದೆಲ್ಲ ಸಡಿಲು. ಕೋಟು ಇಬ್ಬರದೂ, ಕಲೆ ರಕ್ತದ್ದಲ್ಲ, ಮಳೆಗಾಲದ ದಂಡೆಯಲ್ಲಿ ಜಾರಿ ಕಲ್ಲಿಗೆ ಬಡಿದರೂ ತಲೆ ಒಡೆಯುತ್ತದೆ. ಇಂಥ ಸಡಿಲನ್ನು ಬಿಗಿ ಮಾಡಲಿಕ್ಕೆ ಕಾರಣವೊಂದನ್ನೇ ತಂದು ನಿಲ್ಲಿಸಿದ್ದಾರೆ, ಆ ಕಾರಣವೂ ಸಾಕ್ಷಿದಾರನ ಬಾಯಲ್ಲಿ ಹುಟ್ಟಿದ್ದು. ಕಾರಣ ಖರೆ ಇದ್ದರೂ ಅದೊಂದರಿಂದಲೇ ಯಾರನ್ನೂ ನೇಣಿಗೆ ಹಾಕಲು ಬರುವುದಿಲ್ಲ, ಹಾಕುವುದಾದರೆ ಊರಲ್ಲಿ ಯಾರೂ ಉಳಿಯುವುದಿಲ್ಲ. ಹಣಮಂತನನ್ನು ಬಿಟ್ಟರು. ಸಾವಕ್ಕ ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಅಷ್ಟು ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಚೆನ್ನವ್ವನೂ ಅತ್ತಳು. ಅಪ್ಪಣ್ಣ ಬೇರೆ ಎಸ್ಟಿಯಲ್ಲಿ ಊರಿಗೆ ಬಂದ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಪಾರೀಸಶೇಟರು ಹಣಮಂತನಿಗೆ ಮತ್ತೆ ಮಗ್ಗ ಕೊಟ್ಟರು. ಓಣಿಯವರು ಪೇಢೆ ತಿಂದರು, ಹಗ್ಗ ಕಟ್ಟಿ ಒಯ್ದ ದಿನ ಬಾಗಿಲು ಹಾಕಿಕೊಂಡವರೇ ಮೊದಲು ತಿಂದರು. ಸಾವಕ್ಕ ಹೊಸ ಬಳೆ ತೊಟ್ಟಳು. ಆದರೆ ಹಣಮಂತ ಜೇಲಿನಲ್ಲಿ ಸುಮ್ಮನೆ ಕೂತು ಬಂದಿರಲಿಲ್ಲ. ಅಲ್ಲಿ ಅವನಿಗೆ ಕೆಲಸವಿರಲಿಲ್ಲ, ಮಗ್ಗದ ಸಪ್ಪಳವಿರಲಿಲ್ಲ, ಇದ್ದದ್ದು ಒಂದೇ ಮಾತು: ನೀನು ಹೊರಗೆ ಬಿದ್ದ ಕೂಡಲೆ ಅವನು ಒಳಗೆ. ಫೌಜದಾರ ಅಂದ, ಜೊತೆಯ ಕೈದಿಗಳು ಅಂದರು, ಸರ್ಕಾರಿ ವಕೀಲ ಬೆರಳು ತೋರಿಸಿ ತೋರಿಸಿ ಅಂದ. ಮಲ್ಲಾರಿ ಬದುಕಿದ್ದಾಗ ಹಣಮಂತನಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಈಗ, ಅವನು ಸತ್ತು ಮಣ್ಣಾದ ಮೇಲೆ, ಸಿಟ್ಟು ಬರತೊಡಗಿತು.

ಮೊದಲು ಖೋಲಿಗೆ ಬೇರೆ ಆಳು ಇಡುವುದಿಲ್ಲ ಅಂದ. ಆಮೇಲೆ ಕಂಡಿಕೆ ಸುತ್ತಲು ಹೋಗಬೇಡ ಅಂದ. ಸಾವಕ್ಕ ಎಷ್ಟು ಹೊತ್ತಿಗೆ ಒಲೆ ಹೊತ್ತಿಸಿದಳು, ನೀರಿಗೆ ಯಾವ ದಾರಿಯಿಂದ ಹೋದಳು ಎಂದು ಫೌಜದಾರನಿಗಿಂತ ಹೆಚ್ಚು ಕೇಳಿದ. ಅವಳು ಮೊದಮೊದಲು ಉತ್ತರ ಹೇಳಿದಳು, ಆಮೇಲೆ ಬರೀ ನೋಡಿದಳು. ಅವಳ ಕಣ್ಣಿನ ಮುಂದೆ ನಿಲ್ಲಲಾರದೆ ಅವನು ಹೊರಗೆ ಬರುತ್ತಿದ್ದ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಎಲ್ಲರೂ ಕಟ್ಟೆಗೆ ಬಂದರು. ಕೋರ್ಟು ಮುಗಿದ ಮೇಲೆ ಅಪ್ಪಣ್ಣನ ಅಂಗಡಿ ಸ್ವಲ್ಪ ಡಲ್ಲಾಗಿತ್ತು, ಮಂದಿ ಅವನನ್ನು ಕೇಳದೆಯೇ ಎಲೆ ಹಾಕಿಕೊಳ್ಳುತ್ತಿದ್ದರು. ಹಣಮಂತ ನೇರ ಅವನ ಮುಂದೆ ಬಂದು ನಿಂತ.

"ಕಾಕಾ, ಅವತ್ತ ವಕೀಲರ ಮುಂದ ಅಂಜಿ ಏನೇನೋ ಅಂದ್ರಿ. ಈಗಿಲ್ಲಿ ವಕೀಲರಿಲ್ಲ, ಪೋಲೀಸರಿಲ್ಲ. ನೀವು ಏನ ನೋಡಿದ್ರಿ, ಖರೇ ಹೇಳ್ರಿ."

"ಏನೂ ನೋಡಿಲ್ಲೋ ಹಣಮ್ಯಾ. ನಿನ್ನ ಹೆಂಡತಿ ಬಂಗಾರದಂಥಾಕಿ."

"ಏನೂ ನೋಡದ ಒಬ್ಬ ಮನಷಾನ ಗಲ್ಲಿಗೆ ಕಳಸಾಕ ಹೊಂಟಿದ್ರೇನು? ಏನರ ನೋಡೇ ನೋಡಿರ್ತೀರಿ."

"ಜೋತಿಬಾನ ಆಣಿ, ಇಲ್ಲ."

ಹಣಮಂತ ಅವನ ಮುಖವನ್ನೇ ನೋಡುತ್ತ ನಿಂತ. ಆ ಮುಖದ ಮೇಲೆ ಏನೋ ಕೂಡಿ ಕಳೆಯುವ ಲೆಕ್ಕ ನಡೆದದ್ದು ಅಪ್ಪಣ್ಣನಿಗೂ ಕಂಡಿತು. ಆ ಲೆಕ್ಕ ಅಪ್ಪಣ್ಣ ಎಷ್ಟೋ ಸಲ ಮಾಡಿದ್ದ. ಎದುರಿನಿಂದ ನೋಡಿದ್ದು ಇದೇ ಮೊದಲು.

"ಆಕಿ ನಿಮ್ಮ ಮನ್ಯಾಗ ಮಲಗತಿದ್ದಳು," ಅಂದ ಹಣಮಂತ ಮೆಲ್ಲಗೆ. ಮೆಲ್ಲಗೆ ಅಂದರೂ ಇಡೀ ಕಟ್ಟೆಗೆ ಕೇಳಿಸಿತು. "ವಾರಕ್ಕ ವಾರಾ ನಿಮ್ಮ ಮನ್ಯಾಗ. ಮಲ್ಲಾರಿ ಸತ್ತ. ನಾನೂ ಗಲ್ಲಿಗೆ ಹೋಗಿದ್ರ ಆಕಿಗೆ ಹಿಂದ ಮುಂದ ಯಾರಿದ್ರು ಕಾಕಾ? ಅದಕ್ಕ ಹೇಳಿದ್ರೇನು ನೀವು?"

ಅಪ್ಪಣ್ಣನ ಬಾಯೊಳಗಿನ ಎಲೆ ಹಾಗೇ ನಿಂತಿತು. ಒಬ್ಬನಾದರೂ "ಛೇ, ಛೇ" ಅಂದಾನು ಎಂದು ಕಟ್ಟೆಯ ಮಂದಿಯ ಕಡೆಗೆ ನೋಡಿದ. ಮಂದಿ ತಲೆ ಕೆರೆದುಕೊಂಡರು. ಅವರಿಗೆ ವಿಷಯ ಹಿಡಿಸಿತ್ತು. ಹೌದಲ್ಲ, ಇದು ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ! ಜಾಬರ ಸುಮ್ಮನೆ ಯಾಕೆ ಕೊಲ್ಹಾಪುರದತನಕ ಹೊಸ ಧೋತರ ಉಟ್ಟು ಹೋದಾನು? ಹೆಂಡತಿ ಗಂಡನ ವಿರುದ್ಧ ಸಾಕ್ಷಿ ಹೇಳಿದ್ದು ಯಾಕೆ ಎಂಬುದಕ್ಕೂ ಈಗ ಅರ್ಥ ಬಂತು. ಪಾಪ, ಆಕೆಗೆ ಗೊತ್ತಿರಬೇಕು. ಎಲ್ಲ ಎಳೆ ಸರಿಯಾಗಿ ಕೂತವು.

"ಸುಮ್ನ ಹೇಳಿದ್ನೋ!" ಎಂದು ಅಪ್ಪಣ್ಣ ಕೂಗಿದ. "ಫೌಜದಾರ ಕೇಳಿದ, ನೀವೆಲ್ಲಾ ನನ್ನ ಮಾರಿ ನೋಡಾಕತ್ತಿದ್ರಿ, ಬಾಯಿಗಿ ಬಂತು, ಹೇಳಿದ್ನಿ. ಬ್ಯಾರೆ ಏನೂ ಇಲ್ಲ!"

ಇದು ಅವನು ತನ್ನ ಜೀವಮಾನದಲ್ಲಿ ಹೇಳಿದ ಅತ್ಯಂತ ಸರಿಯಾದ ಕಾರಣ. ಯಾರೂ ನಂಬಲಿಲ್ಲ. ಒಬ್ಬ ಮುದುಕ ಬಾಯಿ ಒರೆಸಿಕೊಂಡು, "ಇಷ್ಟಕ್ಕ ಯಾರರ ಮಂದಿ ಕೊರಳಿಗೆ ಹಗ್ಗಾ ಹಾಕ್ತಾರೇನಪಾ, ಸಣ್ಣ ಹುಡುಗರಿಗೆ ಹೇಳ," ಅಂದ.

ಸಾವಕ್ಕನಿಗೆ ಸುದ್ದಿ ಮುಟ್ಟಲು ಓಣಿಯಲ್ಲಿ ಎಷ್ಟು ಹೊತ್ತು ಬೇಕು? ಅವಳು ಗಂಡನ ಜೊತೆ ಜಗಳ ತೆಗೆಯಲಿಲ್ಲ. ಮಲ್ಲಾರಿಯ ಹೆಸರು ಹಚ್ಚಿದಾಗ ತಡೆದುಕೊಂಡಿದ್ದಳು, ಗಂಡನ ಜೀವ ಉಳಿಯಬೇಕಿತ್ತು. ಈಗ ತಂದೆಯ ವಯಸ್ಸಿನ ಅಪ್ಪಣ್ಣನ ಹೆಸರನ್ನೂ, ತನ್ನ ಕೈಹಿಡಿದ ಗಂಡನೇ, ನಾಲ್ಕು ಮಂದಿಯ ಮುಂದೆ ಹಚ್ಚಿದ್ದ. ಮರುದಿನ ಮುಂಜಾನೆ ಅವನು ಪಾಳಿಗೆ ಹೋದ ಮೇಲೆ ಒಲೆ ಸಾರಿಸಿ, ಅವನ ಪಾಲಿನ ರೊಟ್ಟಿ ಮುಚ್ಚಿಟ್ಟು, ಟ್ರಂಕು ಹೊತ್ತುಕೊಂಡು ಹೊರಗೆ ಬಂದಳು. ಚೆನ್ನವ್ವ ಎಸ್ಟಿ ಸ್ಟ್ಯಾಂಡಿನತನಕ ಹೋದಳು. ತವರಿಗೆ ಹೊರಟವಳಿಗೆ, ಮಗಳಿಗೆ ಉಡಿ ತುಂಬುವ ಹಾಗೆ, 'ಎಲ್ಲಾ ಸರಿ ಆಗತೈತಿ' ಎನ್ನಬೇಕಿತ್ತು, ಅನ್ನಲಿಲ್ಲ.

"ಹೋಗಿ ಬರ್ತೀನ್ ಯವ್ವಾ," ಅಂದಳು ಸಾವಕ್ಕ. "ಅವನ ಕೊರಳ ಉಳೀತು. ಅಷ್ಟ ಸಾಕ."

ಹಣಮಂತ ಸಂಜೆ ಬಂದು ಬಾಗಿಲು ತೆಗೆದು, ಹೊಸ್ತಿಲ ಮೇಲೆ ಕೂತ. ಅವಳು ಮತ್ತೆ ಇಚಲಕರಂಜಿಗೆ ಬರಲಿಲ್ಲ. ಅವನು ಕರೆಯಲು ಹೋದನೆಂದೂ, ಅವಳು ನೀರು ಕೊಟ್ಟು ಕಳಿಸಿದಳೆಂದೂ ಆಮೇಲೆ ಸುದ್ದಿ ಬಂತು.

ಅವಳು ಹೋದ ದಿನ ಕಟ್ಟೆಯಲ್ಲಿ ಅದೇ ಮಾತು. ಯಾಕೆ ಹೋದಳು? ಬಾಯಿ ಚಪಲದ ಒಬ್ಬ, ಗಾಯಕ್ಕೆ ಕಡ್ಡಿ ಆಡಿಸುವ ಹಾಗೆ, "ಹೇಳ್ರಿ ಜಾಬರ, ನೀವ ಹೇಳ್ರಿ, ಆಕಿ ಯಾಕ ಹೋದಳು?" ಅಂದ.

ಅಪ್ಪಣ್ಣ ಎಲೆಚೀಲ ಬಿಚ್ಚಿರಲಿಲ್ಲ. "ನನ್ನ ಸುಡಗಾಡ ಬಾಯಿ ಸಲುವಾಗಿ ಹೋದಳು," ಅಂದ. "ತಪ್ಪ ನಂದು. ಆಕೀದು ಅಲ್ಲ, ಹಣಮ್ಯಾಂದು ಅಲ್ಲ. ನಂದು."

ಕಟ್ಟೆಯಲ್ಲಿ ಒಬ್ಬ ಇನ್ನೊಬ್ಬನ ತೊಡೆ ಚಿವುಟಿದ. "ಕೇಳಿದ್ರೇನು? ತಾನಾ ಒಪ್ಪಿಕೊಂಡ ನೋಡ್ರಿ!" ಎಂದು ಪಿಸುಗುಟ್ಟಿದ, ಅಂದರೆ ಕೂಗಿದ.

ಅಪ್ಪಣ್ಣ ಎದ್ದು ಮನೆಗೆ ಬಂದ. ಚೆನ್ನವ್ವ ಜೋಳ ಕೇರುತ್ತಿದ್ದಳು. ಮೊದಲು ಬಾಗಿಲಲ್ಲಿ ನಿಂತ, ಆಮೇಲೆ ಅವಳ ಎದುರಿಗೆ ನೆಲದ ಮೇಲೆ ಕೂತ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಏನನ್ನೂ ಕೇಳಿದವನಲ್ಲ, ಹೇಳಿದವನೇ. ಅವತ್ತು ಕೇಳಿದ.

"ಮಂದಿ ಅನ್ನೂದು ಕೇಳಿದೇನು? ನೀನೂ ನಂಬತಿ?"

ಚೆನ್ನವ್ವ ಮೊರ ಕೆಳಗಿಟ್ಟಳು.

"ಇಲ್ರಿ. ನೀವು ಏನೂ ಮಾಡಿಲ್ಲಂತ ನನಗ ಗೊತ್ತೈತಿ," ಅಂದಳು. "ಮಾಡಿದ್ರ ನನಗ ಇಷ್ಟ ಸಿಟ್ಟ ಬರ್ತಿರಲಿಲ್ಲ. ಆ ಹುಡಿಗಿ ಬಾಳೇವು ಹಾಳ ಮಾಡಾಕ ನಿಮಗ ಒಂದ ಕಾರಣಾನರ ಇರತಿತ್ತು."